ಫೋನಿನ ದಾರ

ನನ್ನ ಓರಗಿತ್ತಿ ಪೆರಿಜಾತ್ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಹೇಳುವ ಮನಸ್ಸು ನನಗೆ ಬರುವುದಿಲ್ಲ. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ನೆಮ್ಮದಿಯಿರುತ್ತಿತ್ತು. ನಾಲ್ಕು ಜನರೆದುರು ಬಾಯಿತುಂಬ ಬೈಯಬಹುದಿತ್ತು. ಒಳ್ಳೆಯವಳ ಮೇಲೆ ಹೊಟ್ಟೆಕಿಚ್ಚು ಪಡುವ ಸಂಕಟ ಯಾರಿಗೂ ಬೇಡ.

ಕರಾಕೋಲ್ ಬಜಾರಿನಲ್ಲಿ ಮಾಂಸದ ಸಾಲು ಮುಗಿದು ಬೂಟುಗಳ ಸಾಲು ಶುರುವಾಗುವಲ್ಲಿ ನಮ್ಮ ಅಂಗಡಿ. ಅಂಗಡಿ ಎಂದರೆ ನೀಲಿ ಬಣ್ಣ ಬಳಿದ ಒಂದು ಕಂಟೇನರ್. ಮಾರುವುದು ಫೋನಿನ ಸಾಮಾನು: ಕವರು, ಗಾಜು, ಚಾರ್ಜರು, ಕಿವಿಗೆ ಸಿಕ್ಕಿಸಿಕೊಳ್ಳುವುದು. ಒಳಗಡೆ ಕಲ್ಲಿದ್ದಲಿನ ಒಲೆ, ಒಲೆಯ ಪಕ್ಕದಲ್ಲಿ ಮಾವನ ಬೆಸುಗೆಯ ಮೇಜು. ಮಾವ ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದರು. ರೇಡಿಯೊ ಕೇಳುವವರು ಇಲ್ಲವಾದ ಮೇಲೆ ಫೋನು ಬಿಚ್ಚುವುದನ್ನು ಕಲಿತರು. ಬಾಗಿಲಿನ ಹತ್ತಿರ, ಗಿರಾಕಿಗಳಿಗೆ ಎದುರಾಗಿ, ಕುರಿಚರ್ಮ ಹಾಸಿದ ಒಂದು ಸ್ಟೂಲು. ಹನ್ನೊಂದು ವರ್ಷದಿಂದ ಆ ಸ್ಟೂಲಿನ ಮೇಲೆ ಕೂರುತ್ತಿದ್ದವಳು ನಾನು, ಬುರುಲ್.

ಬುರುಲ್ ಎಂದರೆ ‘ತಿರುಗು’ ಎಂದು. ನನ್ನ ತಂದೆಗೆ ನಾನು ನಾಲ್ಕನೆಯ ಹೆಣ್ಣು. ಇನ್ನಾದರೂ ಹುಟ್ಟುವುದು ಗಂಡಿನ ಕಡೆಗೆ ತಿರುಗಲಿ ಎಂದು ಇಟ್ಟ ಹೆಸರು ಅದು. ತಿರುಗಿತು, ನನ್ನ ಹಿಂದೆ ತಮ್ಮ ಹುಟ್ಟಿದ; ತಂದೆ ಮಾತ್ರ ನನ್ನ ಕಡೆ ತಿರುಗಿ ನೋಡಲಿಲ್ಲ. ಮದುವೆಯಾಗಿ ಬಂದ ದಿನ ಮಾವ ನನ್ನ ಹೆಸರು ಕೇಳಿ, “ಎಲ್ಲೆಲ್ಲೋ ತಿರುಗಿ ಕೊನೆಗೆ ನಮ್ಮನೆಗೇ ಬಂದ್ಯಲ್ಲ ಮಗಳೇ” ಎಂದು ನಕ್ಕರು. ನನ್ನನ್ನು ಮಗಳೇ ಎಂದು ಕರೆದ ಮೊದಲ ಗಂಡಸು ಅವರು. ಅವರ ವಿಷಯದಲ್ಲಿ ನನಗೆ ಇನ್ನೊಬ್ಬರಿಗೆ ಪಾಲು ಕೊಡಲು ಬರುವುದಿಲ್ಲ.

ಸೊಸೆಯಾದವಳು ಮಾವನ ಹೆಸರು ಹೇಳಬಾರದು. ಹೆಸರನ್ನಷ್ಟೇ ಅಲ್ಲ, ಹೆಸರಿನಂತೆ ಕೇಳಿಸುವ ಮಾತನ್ನೂ ಆಡಬಾರದು. ಈಗಿನ ಸೊಸೆಯರಲ್ಲಿ ಅರ್ಧಕ್ಕರ್ಧ ಜನ ಇದನ್ನೆಲ್ಲ ಗಾಳಿಗೆ ತೂರಿದ್ದಾರೆ; ನಾನು ಬಿಟ್ಟಿಲ್ಲ. ನನ್ನ ಹಣೆಬರಹ ನೋಡಿ. ಮಾಂಸದ ಸಾಲಿನ ಮುದುಕರು ಮಾವನನ್ನು “ಓಯ್ ಕಬಿಲ್” ಎಂದು ಕೂಗುತ್ತಾರೆ. ಗಿರಾಕಿಗಳು ಬಂದು “ಅಕ್ಕ, ಕೇಬಲ್ ಇದ್ಯಾ” ಎಂದು ಕೇಳುತ್ತಾರೆ. ನಮ್ಮೂರಿನವರ ಬಾಯಲ್ಲಿ ಎರಡೂ ಒಂದೇ. ಬೆಳಗಿನಿಂದ ಸಂಜೆಯವರೆಗೆ ಬೇಕಾಗುವ ಮಾತೇ ನನ್ನ ಬಾಯಿಗೆ ನಿಷಿದ್ಧ. ಅದಕ್ಕೇ ನಾನು ಅದನ್ನು ದಾರ ಎಂದು ಕರೆದೆ. ಉದ್ದ ದಾರ, ಗಿಡ್ಡ ದಾರ, ಹೆಣೆದ ದಾರ. ಇದನ್ನು ಬರೆದುಕೊಳ್ಳುತ್ತಿರುವವಳು ನನ್ನ ಮಗಳು. ಆ ಎರಡು ಮಾತು ಬರುವ ಕಡೆ ನಾನು ಸುಮ್ಮನಾಗುತ್ತೇನೆ, ಅವಳು ತುಂಬಿಕೊಳ್ಳುತ್ತಾಳೆ. ಮೊಮ್ಮಗಳಿಗೆ ಅಡ್ಡಿಯಿಲ್ಲ.

ಬಜಾರಿನಲ್ಲಿ ನನಗೆ ‘ದಾರದಕ್ಕ’ ಎಂದೇ ಹೆಸರು ಬಿತ್ತು. ಹೊಸ ಗಿರಾಕಿ ಬಂದರೆ ಒಂದು ನಾಟಕವೇ ನಡೆಯುತ್ತಿತ್ತು.

“ಅಕ್ಕ, ಕೇಬಲ್ ಕೊಡಿ.”

“ಯಾವ ದಾರ ಬೇಕು?”

“ದಾರ ಅಲ್ಲಕ್ಕ, ಕೇಬಲ್.”

“ಅದೇ. ಚಪ್ಪಟೆ ಬಾಯಿಯ ದಾರಾನೋ, ದುಂಡು ಬಾಯೀದೋ?”

ಪಕ್ಕದ ಬೂಟಿನಂಗಡಿಯ ಮೆಡೆರ್ ಅಲ್ಲಿಂದಲೇ ಕೂಗುತ್ತಿದ್ದ, “ಲೋ, ಅವರ ಮಾವ ಒಳಗಿದ್ದಾರೆ. ದಾರ ಅಂದ್ರೆ ದಾರ ಅನ್ನು, ತಗೊಂಡು ಹೋಗು.” ಒಳಗೆ ಮಾವ ಕೆಮ್ಮುತ್ತಿದ್ದರು. ಅದು ಕೆಮ್ಮಲ್ಲ, ನಗುವನ್ನು ಮುಚ್ಚಿಕೊಳ್ಳುವ ಉಪಾಯ ಎಂದು ನನಗೆ ಗೊತ್ತಿತ್ತು.

ಹೋದ ಶರತ್ಕಾಲದಲ್ಲಿ ಮೈದುನ ಬಿಷ್ಕೆಕಿನಿಂದ ಪೆರಿಜಾತಳನ್ನು ಮದುವೆಯಾಗಿ ಕರೆತಂದ. ಅಲ್ಲಿ ಅವಳು ದೊಡ್ಡ ಗಾಜಿನ ಬಾಗಿಲಿನ ಫೋನಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳಂತೆ. ಬಿಳಿ ತಲೆವಸ್ತ್ರ ಕಟ್ಟಿಕೊಂಡು, ಕೈ ಮಂಡಿಯ ಮೇಲಿಟ್ಟು, ಎದುರು ಸಿಕ್ಕ ಹಿರಿಯರಿಗೆಲ್ಲ ಬಾಗಿ ನಮಸ್ಕರಿಸುತ್ತಿದ್ದಳು. ನನಗೂ ಬಾಗುತ್ತಿದ್ದಳು. ಅಷ್ಟು ಚೆಂದವಾಗಿ ಬಾಗುವವಳನ್ನು ನಾನು ನಂಬುವುದಿಲ್ಲ. ಹೊಸ ಸೊಸೆ ಅಂದರೆ ಅಂಗಳ ಗುಡಿಸಬೇಕು, ಚಹಾದ ನೀರಿಗೆ ಸಮೋವರ್ ಕಾಯಿಸಬೇಕು, ಹಸು ಕರೆಯಬೇಕು. ಈ ಮಹರಾಯ್ತಿ ಚಳಿಗಾಲ ಬರುವಷ್ಟರಲ್ಲಿ ಅಂಗಡಿಗೇ ಬಂದಳು. “ಅವಳಿಗೂ ಈ ಕೆಲಸ ಗೊತ್ತು, ಬರಲಿ ಬಿಡು” ಎಂದರು ಮಾವ.

ಅತ್ತೆಗೆ ಮಂಡಿನೋವು ಜೋರಾಗಿತ್ತು. ಇಬ್ಬರು ಸೊಸೆಯರೂ ಬಜಾರಿಗೆ ಬಂದರೆ ಮನೆಯಲ್ಲಿ ಹಸುವಿಗೆ ಹುಲ್ಲು ಹಾಕುವವರಿಲ್ಲ ಎಂದು ಅವರು ದಿನಾ ಗೊಣಗುತ್ತಿದ್ದರು. ಒಂದು ದಿನ ಮಾವ ಚಹಾದ ಬಟ್ಟಲು ಕೆಳಗಿಟ್ಟು ಹೇಳಿದರು. “ನೊರೂಜ್ ಹಬ್ಬ ಮುಗೀಲಿ. ಆಮೇಲೆ ಅಂಗಡಿಗೆ ಯಾರು, ಮನೆಗೆ ಯಾರು ಅಂತ ಹೇಳ್ತೀನಿ.” ಹನ್ನೊಂದು ವರ್ಷ ಕೂತ ಜಾಗದ ಬಗ್ಗೆ ಯೋಚನೆ ಮಾಡುವುದು ಏನಿದೆ ಇವರಿಗೆ ಎಂದುಕೊಂಡೆ.

ನನಗೆ ಒಂದು ಆಸೆಯಿತ್ತು. ಇವಳು ಎಂದಾದರೊಂದು ದಿನ ಬಾಯಿ ಜಾರಿ ಮಾವನ ಹೆಸರಿನ ಆ ಮಾತನ್ನು ಆಡುತ್ತಾಳೆ, ಮಾವನ ಮುಖ ಕಪ್ಪಿಡುತ್ತದೆ, ಅಲ್ಲಿಗೆ ಇವಳ ಆಟ ಮುಗಿಯುತ್ತದೆ. ಕಿವಿ ನಿಮಿರಿಸಿಕೊಂಡು ಕಾದೆ. ಗಿರಾಕಿಯೊಬ್ಬ ಬಂದು ಆ ಮಾತನ್ನೇ ಕೇಳಿದ. ಪೆರಿಜಾತ್ ಒಂದು ಕ್ಷಣವೂ ತಡವರಿಸಲಿಲ್ಲ.

“ಟೈಪ್-ಸಿ ಬೇಕಾ ಅಣ್ಣ, ಐಫೋನಿಂದಾ?”

“ಟೈಪ್-ಸಿ.”

“ಒಂದು ಮೀಟರಾ, ಎರಡಾ?”

ಅಷ್ಟೇ. ಅವನು ತೆಗೆದುಕೊಂಡು ಹೋದ. ಮಾವನ ಹೆಸರೂ ಕೆಡಲಿಲ್ಲ, ಗಿರಾಕಿಯೂ ನಗಲಿಲ್ಲ. ಇಷ್ಟು ವರ್ಷ ನನ್ನ ತಲೆಗೆ ಇದು ಯಾಕೆ ಹೊಳೆಯಲಿಲ್ಲ ಎಂದು ಯೋಚಿಸಿ ರಾತ್ರಿ ಊಟ ಸೇರಲಿಲ್ಲ. ಗಂಡ ಕೇಳಿದ್ದಕ್ಕೆ ಹಲ್ಲುನೋವು ಎಂದೆ.

ಇನ್ನೊಂದು ದಿನ ಶಾಲೆಯ ಟೀಚರಮ್ಮ ಒಬ್ಬರು ಬಂದು ಫೋನಿಗೆ ಗಾಜು ಹಾಕಿ ಎಂದರು. ನಾನು ಅಳತೆ ನೋಡಿ, ಒರೆಸಿ, ಹಾಕಿದೆ. ಅಂಚಿನಲ್ಲಿ ಗಾಜು ಎದ್ದು ನಿಂತಿತು. ಒತ್ತಿದೆ, ಮತ್ತೆ ಎದ್ದಿತು. ಪೆರಿಜಾತ್ ಮೆಲ್ಲಗೆ ಬಂದು ನನ್ನ ಕಿವಿಯ ಹತ್ತಿರ, “ಅಕ್ಕ, ಇದು ಬಾಗಿದ ಪರದೆ. ಚಪ್ಪಟೆ ಗಾಜು ಕೂರಲ್ಲ. ಮೆತ್ತನೆ ಹಾಳೆ ಬರುತ್ತಲ್ಲ, ಅದು ಹಾಕೋಣ್ವಾ” ಎಂದಳು. ಜೋರಾಗಿ ಹೇಳಿ ನನ್ನ ಮಾನ ಕಳೆದಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಪಿಸುಗುಟ್ಟಿ ಆ ದಾರಿಯನ್ನೂ ಮುಚ್ಚಿದಳು. ಟೀಚರಮ್ಮ ಹೋಗುವಾಗ ನನಗೆ ಬೆನ್ನು ಮಾಡಿ ಅವಳಿಗೆ ಥ್ಯಾಂಕ್ಸ್ ಹೇಳಿದರು. ಅಂದಿನಿಂದ ಜನ ಬಂದು, “ಆ ಚಿಕ್ಕಕ್ಕ ಇಲ್ವಾ” ಎಂದು ಕೇಳತೊಡಗಿದರು. ಸ್ಟೂಲಿನ ಮೇಲೆ ನಾನು ಕಂಬದಂತೆ ಕೂತಿರುತ್ತಿದ್ದೆ, ನನ್ನ ಕಣ್ಣೆದುರೇ ಚಿಕ್ಕಕ್ಕನನ್ನು ಹುಡುಕುತ್ತಿದ್ದರು. ಮೈಯೆಲ್ಲ ಉರಿದುಹೋಗುತ್ತಿತ್ತು.

ನೊರೂಜ್ ಎಂದರೆ ವಸಂತದ ಹೊಸವರ್ಷ, ಅದಕ್ಕೆ ಮುಂಚೆ ಸಾಮಾನು ತರಿಸಬೇಕಿತ್ತು. ಹಬ್ಬಕ್ಕೆ ಹಳ್ಳಿಗಳಿಂದ ಜನ ಇಳಿಯುತ್ತಾರೆ, ಚಳಿಗಾಲದಲ್ಲಿ ಹರಿದದ್ದು ಮುರಿದದ್ದನ್ನೆಲ್ಲ ಆಗ ಹೊಸದು ಮಾಡಿಕೊಳ್ಳುತ್ತಾರೆ. ಬಿಷ್ಕೆಕಿನ ಸಗಟು ಅಂಗಡಿಗೆ ಫೋನಿನಲ್ಲಿ ಮಾತು ರೆಕಾರ್ಡು ಮಾಡಿ ಕಳಿಸುವುದು ನನ್ನ ಕೆಲಸ. ಪೆರಿಜಾತ್ ಕೇಳಿದಳು, “ಅಕ್ಕ, ನಾನು ಟೈಪ್ ಮಾಡಿ ಕಳಿಸ್ಲಾ? ಯಾವ್ಯಾವ ಬಾಯಿಗೆ ಎಷ್ಟೆಷ್ಟು ಅಂತ ಸರಿಯಾಗಿ ಹೋಗುತ್ತೆ.”

“ನೀನು ಹುಟ್ಟೋಕೆ ಮುಂಚಿಂದ ತರಿಸ್ತಿದೀನಿ, ಬಿಡು” ಎಂದೆ. ಅದು ಸುಳ್ಳು, ನಾನು ಅಂಗಡಿಗೆ ಬಂದಾಗ ಅವಳು ಶಾಲೆ ಓದುತ್ತಿದ್ದಳು. ಆದರೆ ಹೇಳಿದ್ದು ಹಿತವಾಗಿತ್ತು.

ಸಗಟು ಅಂಗಡಿಯ ಉಲ್ಕನ್ ಅಕ್ಕನಿಗೆ ನನ್ನ ಭಾಷೆ ಗೊತ್ತು. “ಫೋನಿನ ದಾರ ಒಂದು ದೊಡ್ಡ ಮೂಟೆ ಕಳಿಸಿ, ಬಣ್ಣಬಣ್ಣದ್ದು” ಎಂದು ಕಳಿಸಿದೆ. ಉಲ್ಕನ್ ಅಕ್ಕ ಆ ತಿಂಗಳು ಮಗಳ ಬಾಣಂತನಕ್ಕೆಂದು ಅಲ್ಮಾಟಿಗೆ ಹೋಗಿದ್ದು, ಅವರ ಜಾಗದಲ್ಲಿ ಯಾವುದೋ ಹೊಸ ಹುಡುಗಿ ಕೂತಿದ್ದು ನನಗೆ ಹೇಗೆ ಗೊತ್ತಾಗಬೇಕು. “ಆಯ್ತಕ್ಕ” ಎಂದು ಉತ್ತರ ಬಂತು. ಕೆಂಪು ಹೃದಯದ ಚಿತ್ರ ಬೇರೆ ಹಾಕಿದ್ದಳು.

ಮಾರನೆಯ ದಿನ ಬೆಳಗ್ಗೆ ವ್ಯಾನಿನಿಂದ ಮೂಟೆ ಇಳಿಯಿತು. ಎಲ್ಲರೆದುರು ಬಿಚ್ಚಿದೆ. ಒಳಗೆ ಇದ್ದದ್ದು ನಿಜವಾದ ದಾರ. ಫೋನನ್ನು ಕುತ್ತಿಗೆಗೆ ನೇತುಹಾಕಿಕೊಳ್ಳುತ್ತಾರಲ್ಲ, ತುದಿಗೆ ಕೊಕ್ಕೆಯಿರುವ ದಾರ, ಅದು. ಕೆಂಪು, ಹಳದಿ, ಹಸಿರು, ಹೂವಿನದು, ಚುಕ್ಕಿಯದು. ಚಾರ್ಜು ಮಾಡುವುದು ಒಂದೂ ಇಲ್ಲ.

ಮೆಡೆರ್ ಬೂಟು ಕೈಯಲ್ಲಿ ಹಿಡಿದು ಬಂದ. ಮೂಟೆಯೊಳಗೆ ಇಣುಕಿ, “ದಾರದಕ್ಕ, ಕೊನೆಗೂ ದಾರ ಬಂತಲ್ಲ” ಎಂದ. ಮಾಂಸದ ಸಾಲಿನವರೆಗೂ ನಗು ಹಬ್ಬಿತು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಆಗಲೇ ಸಗಟು ಅಂಗಡಿಗೆ ಬೈದು ರೆಕಾರ್ಡು ಮಾಡಿ ಕಳಿಸಿದೆ. ಈಗಲೂ ಹೇಳುತ್ತೇನೆ, ತಪ್ಪು ಆ ಸಗಟು ಅಂಗಡಿಯ ಹುಡುಗಿಯದು. ಅಷ್ಟು ದೊಡ್ಡ ಮೂಟೆ ಕುತ್ತಿಗೆದಾರ ಯಾವ ಬಜಾರಿಗೆ ಬೇಕು ಎಂದು ಒಂದು ಮಾತು ಕೇಳಬಾರದೇ.

ಪೆರಿಜಾತ್ ನಗಲಿಲ್ಲ. ಒಂದು ಹಳದಿ ದಾರ ತೆಗೆದು, ಬೆನ್ನಲ್ಲಿ ತೂತಿದ್ದ ಒಂದು ಕವರಿಗೆ ಸಿಕ್ಕಿಸಿ, ತನ್ನ ಫೋನಿಗೆ ಹಾಕಿ, ಕುತ್ತಿಗೆಗೆ ನೇತುಹಾಕಿಕೊಂಡು ಬಾಗಿಲಲ್ಲಿ ನಿಂತಳು. “ಕುದುರೆ ಮೇಲಿದ್ರೂ ಬೀಳಲ್ಲ ಅಣ್ಣ, ನಿಮ್ಮ ಕವರಿಗೆ ಈ ತೂತು ಇದ್ರೆ ಮಾತ್ರ ಕೂರುತ್ತೆ, ಇಲ್ಲಾಂದ್ರೆ ಇದರ ಜೊತೆ ಈ ಕವರು ತಗೊಳ್ಳಿ” ಎಂದು ಕುರಿಗಾಹಿಯೊಬ್ಬನಿಗೆ ಹೇಳುತ್ತಿದ್ದಳು. ಶಾಲೆಯ ಹುಡುಗಿಯರು ಗುಂಪುಗೂಡಿದರು. ನನ್ನ ತಪ್ಪನ್ನೂ ಅವಳೇ ಮಾರಿದಳು. ತಪ್ಪು ಮಾಡಿದ್ದಕ್ಕಿಂತ ಅದೇ ನನಗೆ ಹೆಚ್ಚು ಉರಿಯಿತು.

ಆದರೂ ಚಾರ್ಜಿನ ದಾರ ಕೇಳಿ ಬಂದವರು ಬರಿಗೈಯಲ್ಲಿ ಹೋಗುತ್ತಿದ್ದರು. ಮಧ್ಯಾಹ್ನ ಮಾವ ಕನ್ನಡಕ ತೆಗೆದು, “ಪೆರಿಜಾತ್, ನೀನೇ ಅವರಿಗೆ ಫೋನ್ ಮಾಡು. ಇವತ್ತಿನ ವ್ಯಾನಿಗೇ ಬರಬೇಕು” ಎಂದರು. ನನ್ನ ಕಡೆ ನೋಡಲಿಲ್ಲ.

ಅವಳು ಫೋನು ಮಾಡಿದಳು. ಆ ಕಡೆಯ ಹುಡುಗಿಯ ದನಿ ನಮಗೆಲ್ಲ ಕೇಳಿಸುತ್ತಿತ್ತು.

“ಟೈಪ್-ಸಿ ಬೇಕು, ಒಂದು ಮೂಟೆ” ಎಂದಳು ಪೆರಿಜಾತ್.

“ಟೈಪ್-ಸಿ ಏನಕ್ಕ? ಇಯರ್‌ಫೋನಾ, ಅಡಾಪ್ಟರಾ, ಚಾರ್ಜರಿನ ತಲೆನಾ?”

“ಅಲ್ಲ. ಚಾರ್ಜರಿಂದ ಫೋನಿಗೆ ಹೋಗುತ್ತಲ್ಲ, ಅದು.”

“ಹೆಸರು ಹೇಳಿ ಅಕ್ಕ. ನಿನ್ನೆ ಹೀಗೇ ಏನೋ ಹೇಳಿ ಇವತ್ತು ಬೆಳಗ್ಗೆ ಬೈದ್ರಿ.”

ಪೆರಿಜಾತಳ ಕೆನ್ನೆ ಕೆಂಪಾಯಿತು. ಅವಳು ಸಿಕ್ಕಿಬಿದ್ದಳು. ನನಗೆ ಎಷ್ಟು ಖುಷಿಯಾಯಿತೆಂದರೆ, ಅಷ್ಟು ದಿನಗಳಲ್ಲಿ ಮೊದಲ ಸಲ ಉಸಿರು ಸಲೀಸಾಗಿ ಆಡಿತು. ಅವಳು ಮಾವನ ಕಡೆ ನೋಡಿದಳು. ಮಾವ ಬೆಸುಗೆಯ ಕಡ್ಡಿ ಕೆಳಗಿಟ್ಟರು.

“ಹೇಳು ಮಗಳೇ. ಹೇಳಿಬಿಡು, ನನ್ನ ಅಪ್ಪಣೆ ಇದೆ.”

ಅವಳು ತಲೆವಸ್ತ್ರದ ಅಂಚಿನಿಂದ ಬಾಯಿ ಅರ್ಧ ಮುಚ್ಚಿಕೊಂಡು, “ಕೇಬಲ್” ಎಂದಳು.

ಒಲೆಯಲ್ಲಿ ಕಲ್ಲಿದ್ದಲು ಉರಿಯುತ್ತಿತ್ತು, ಹೊರಗೆ ಯಾರೋ ಕುರಿತಲೆಗೆ ಚೌಕಾಸಿ ಮಾಡುತ್ತಿದ್ದರು, ಯಾರಿಗೂ ಏನೂ ಆಗಲಿಲ್ಲ. ನನಗೆ ಮಾತ್ರ ಕೆನ್ನೆಗೆ ಹೊಡೆದಂತಾಯಿತು. ಮಗಳೇ ಎಂದರು. ಅವಳಿಗೆ. ಅಪ್ಪಣೆ ಕೊಟ್ಟರು, ಅವಳಿಗೆ. ಹನ್ನೊಂದು ವರ್ಷ ನನ್ನನ್ನು ಊರೆಲ್ಲ ಹಾಸ್ಯ ಮಾಡಿತು, ನಾನು ದಾರ ದಾರ ಎಂದು ಬಡಬಡಿಸುತ್ತಿದ್ದೆ, ಒಂದೇ ಒಂದು ಸಲ “ಹೇಳಿಬಿಡು ಬುರುಲ್” ಎಂದಿದ್ದರೆ ಈ ಮೂಟೆ ಬರುತ್ತಿತ್ತೇ? ಸ್ಟೂಲು ಹೋಯಿತು ಎಂದು ನನಗೆ ಆಗಲೇ ಖಾತ್ರಿಯಾಯಿತು. ಶಾಲು ಎಳೆದುಕೊಂಡು ಹೊರಗೆ ಬಂದೆ.

ಸೀದಾ ಅಶ್ಲಾನ್-ಫು ಮಾರುವ ಹಜಾರಕ್ಕೆ ಹೋಗಿ ಒಂದು ಬಟ್ಟಲು ಹಾಕಿಸಿಕೊಂಡು, ಮೇಲೆ ಖಾರದ ಎಣ್ಣೆ ಸುರಿದುಕೊಂಡೆ. ತಣ್ಣನೆಯ ಹುಳಿಸಾರಿನ ಶಾವಿಗೆಯನ್ನು ಚಮಚದಲ್ಲಿ ಕಲಕುತ್ತ ಕೂತೆ. ಕಣ್ಣಲ್ಲಿ ನೀರು ಬಂದರೆ ಖಾರಕ್ಕೆ ಎಂದು ಹೇಳಬಹುದಿತ್ತು, ಅದಕ್ಕೇ ಅಲ್ಲಿಗೆ ಹೋಗಿದ್ದು.

ಎದುರಿನ ಬೆಂಚಿನ ಮೇಲೆ ಯಾರೋ ಕೂತರು. ನೋಡಿದರೆ ಮಾವ. ಚಳಿಗಾಲದಲ್ಲಿ ಒಲೆ ಬಿಟ್ಟು ಏಳದ ಮನುಷ್ಯ, ಟೋಪಿ ಹಾಕಿಕೊಂಡು, ಕೆಸರು ಹಿಮ ದಾಟಿಕೊಂಡು ಬಂದಿದ್ದರು. ನಾನು ಎದ್ದು ನಿಲ್ಲಹೋದೆ. ಕೂತ್ಕೋ ಎಂದು ಕೈ ಮಾಡಿದರು.

ಮಾವನ ಮುಖ ನೋಡಿ ಜಗಳವಾಡುವ ಪದ್ಧತಿ ನಮ್ಮಲ್ಲಿಲ್ಲ. ಬಟ್ಟಲಿಗೆ ಹೇಳಿದೆ. “ನಿನ್ನೆ ಮೊನ್ನೆ ಬಂದವರಿಗೆ ಅಪ್ಪಣೆ ಸಿಗುತ್ತೆ. ನಮಗೆ ಯಾರು ಕೊಡ್ತಾರೆ.”

“ನಿಂಗೆ ಕೊಡಲ್ಲ” ಎಂದರು ಮಾವ.

ತಲೆ ಎತ್ತಿದೆ.

“ಅಂಗಡಿ ನಡೀಬೇಕಲ್ಲ ಮಗಳೇ, ಅದಕ್ಕೆ ಅವಳಿಗೆ ಕೊಟ್ಟೆ. ಇನ್ಮೇಲೆ ಬಾಗಿಲ ಹತ್ತಿರದ ಸ್ಟೂಲು ಅವಳಿಗೆ. ಸಾಮಾನು ತರಿಸೋದೂ ಅವಳೇ.”

ಚಮಚ ಕೆಳಗಿಟ್ಟೆ. ಅವರು ನನ್ನ ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡು ಒಂದು ಗುಟುಕು ಕುಡಿದರು. ಖಾರಕ್ಕೆ ಕೆಮ್ಮಿದರು, ಈ ಸಲ ನಿಜವಾದ ಕೆಮ್ಮು.

“ಬೆಳಗ್ಗೆ ಬಾಗಿಲು ತೆಗೆದಾಗಿಂದ ನನ್ನ ಕಿವಿಗೆ ಏನು ಬೀಳುತ್ತೆ ಗೊತ್ತಾ ನಿಂಗೆ? ಕೇಬಲ್ ಹರಿದೋಯ್ತು. ಕೇಬಲ್ ಕೆಟ್ಟೋಗಿದೆ. ಈ ಕೇಬಲ್ ಕಳಪೆ, ಆ ಕೇಬಲ್ ಒಂದು ವಾರ ಬರಲ್ಲ. ಹೋಗ್ಲಿ, ನಮ್ಮಪ್ಪ ಈ ಹೆಸರಿಟ್ಟಾಗ ಇಂಥದ್ದೊಂದು ವಸ್ತು ಮನೆಮನೆಗೂ ಬರುತ್ತೆ ಅಂತ ಅವನಿಗೇನು ಗೊತ್ತು. ಇಡೀ ಬಜಾರಲ್ಲಿ ನಿನ್ನೊಬ್ಬಳ ಬಾಯಲ್ಲೇ ಕಣೇ ನನ್ನ ಹೆಸರು ಒಂದು ಸಲಾನೂ ಕೆಡದೇ ಇರೋದು. ಅವಳು ಟೈಪ್-ಸಿ ಅಂದ್ರೆ ಅದು ಟೈಪ್-ಸಿ ಅಷ್ಟೆ. ನೀನು ದಾರ ಅಂದಾಗೆಲ್ಲ, ನಾನು ಇಲ್ಲೇ ಹಿಂದೆ ಕೂತಿದೀನಿ ಅಂತ ನಿಂಗೆ ನೆನಪಿದೆ ಅನ್ಸುತ್ತೆ. ಅದನ್ನೂ ಅಪ್ಪಣೆ ಕೊಟ್ಟು ಕಳ್ಕೊಳ್ಲಾ?”

ಖಾರ, ಖಾರ ಎಂದು ಶಾಲಿನಿಂದ ಕಣ್ಣು ಒರೆಸಿಕೊಂಡೆ. ಹುಟ್ಟಿದ ಮನೆಯಲ್ಲಿ ಬೇಡದ ಹೆಸರಿನವಳು ನಾನು. ನನ್ನ ಬಾಯಲ್ಲಿ ಇನ್ನೊಬ್ಬರ ಹೆಸರು ಇಷ್ಟು ಜೋಪಾನವಾಗಿತ್ತು ಎಂದು ನನಗೇ ತಿಳಿದಿರಲಿಲ್ಲ.

ಬಟ್ಟಲನ್ನು ಮತ್ತೆ ನನ್ನ ಕಡೆ ಎಳೆದುಕೊಂಡು ಕೇಳಿದೆ. “ಹಾಗಾದ್ರೆ ನಾನು ಹಸು ಕಾಯೋದಾ?”

“ಮನೆಗೆ ಒಬ್ಬರು ಬೇಕು ಅಂದೆ, ಸೊಸೇನೇ ಆಗ್ಬೇಕು ಅಂದ್ನಾ? ನಾನು ಹೋಗ್ತೀನಿ. ಕೈ ನಡುಗುತ್ತೆ ಈಗ, ಬೆಸುಗೆ ನಿಲ್ಲಲ್ಲ. ನನ್ನ ಮೇಜು ನೀನು ತಗೋ. ಅರ್ಧ ಕೆಲಸ ನೋಡಿ ನೋಡಿ ಕಲ್ತಿದೀಯ, ಮಿಕ್ಕರ್ಧ ಹೇಳ್ಕೊಡ್ತೀನಿ. ನಿಮ್ಮತ್ತೆ ಜೊತೆ ಹಸು ವಿಷ್ಯಕ್ಕೆ ಜಗಳ ಆಡ್ಕೊಂಡು ನಾನು ಹಾಯಾಗಿರ್ತೀನಿ.”

ಹಬ್ಬ ಮುಗಿದ ಮೇಲೆ ಹಾಗೇ ಆಯಿತು. ಮಾವ ಮನೆಯಲ್ಲಿ, ಪೆರಿಜಾತ್ ಕುರಿಚರ್ಮದ ಸ್ಟೂಲಿನ ಮೇಲೆ, ನಾನು ಒಳಗೆ ಒಲೆಯ ಪಕ್ಕ ಮಾವನ ಕನ್ನಡಕದಂಥದೇ ಕನ್ನಡಕ ಹಾಕಿಕೊಂಡು. ನನಗೆ ಸಮಾಧಾನವಾಗಿತ್ತು. ಸ್ಟೂಲು ಅವಳದಾದರೇನು, ಮೇಜು ನನ್ನದು. ಅಪ್ಪಣೆ ಅವಳದಾದರೇನು, ದಾರ ನನ್ನದು. ಅವಳು ಆ ಮಾತನ್ನು ಎಷ್ಟು ಸಲ ಬೇಕಾದರೂ ಆಡಿಕೊಳ್ಳಲಿ, ನನ್ನ ಬೆಲೆ ಅಷ್ಟಷ್ಟು ಹೆಚ್ಚುತ್ತದೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಮೊದಲ ದಿನವೇ ಒಬ್ಬ ಮುದುಕ ಬಂದ. “ತಾಯಿ, ಕೇಬಲ್ ಬಾಯಿ ಮುರಿದಿದೆ, ಸರಿಯಾಗುತ್ತಾ?”

ಪೆರಿಜಾತ್ ಅದನ್ನು ಕೈಗೆ ತೆಗೆದುಕೊಂಡು ನೋಡಿದಳು. ಮಾವ ಅಲ್ಲಿರಲಿಲ್ಲ, ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಅವಳು ಒಳಕ್ಕೆ ತಿರುಗಿ ಹೇಳಿದಳು.

“ಅಕ್ಕ, ಒಂದು ದಾರ ಬಂದಿದೆ ನೋಡಿ.”

ನನ್ನ ಕೈಯಲ್ಲಿದ್ದ ಬೆಸುಗೆಯ ಕಡ್ಡಿ ಹಾಗೇ ನಿಂತಿತು.

“ಏನಂದೆ?”

“ದಾರ, ಅಕ್ಕ.”

“ನಿಂಗೆ ಅಪ್ಪಣೆ ಸಿಕ್ಕಿದೆಯಲ್ಲ.”

“ಅವತ್ತು ಒಂದು ಸಲ ಹೇಳು ಅಂದ್ರು, ಹೇಳಿದೆ ಅಕ್ಕ. ದಿನಾ ಹೇಳೋಕೆ ನಂಗೂ ಬಾಯಿ ಬರಲ್ಲ. ನೀವು ಹೇಳೋದೇ ಚೆನ್ನಾಗಿದೆ” ಎಂದು ಹೇಳಿ, ಎಂದಿನಂತೆ ಚೆಂದವಾಗಿ ತಲೆ ಬಾಗಿಸಿದಳು.

ಎದ್ದು ಬಾಗಿಲವರೆಗೆ ಬಂದೆ. ದಾರ ನಂದು, ನೀನು ಅದನ್ನ ಅದರ ಹೆಸರಲ್ಲೇ ಕರಿ, ಊರಲ್ಲಿರೋರೆಲ್ಲ ಏನಂತಾರೋ ಅದನ್ನೇ ಅನ್ನು ಎಂದು ಹೇಳಬೇಕಿತ್ತು. ಬಾಯಿ ತೆರೆದೆ. ಏನು ಅನ್ನಬೇಕೆಂದು ಅವಳಿಗೆ ಹೇಳಿಕೊಡಲು ಆ ಮಾತನ್ನು ನಾನು ಮೊದಲು ಆಡಬೇಕಿತ್ತು.

ಬಾಯಿ ಮುಚ್ಚಿಕೊಂಡು, ಅವಳ ಕೈಯಿಂದ ದಾರ ಕಿತ್ತುಕೊಂಡು ಒಳಗೆ ಹೋದೆ.